ಚೌಕದ ಸಂತೆ, ಮನೆಯ ಹಬ್ಬ

ಒಂದು ಕಾಲಕ್ಕೆ ಹೊರನಾಡ ಕನ್ನಡಿಗರ ಪಾಲಿಗೆ ಪ್ರವಾಸವೆಂದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವುದಾಗಿತ್ತು. ಈಗ ಕಾಲ ಬದಲಾಗಿದೆ. ಡಿಸೆಂಬರಿನ ರಜೆ ಹತ್ತಿರವಾದಂತೆ ಯುರೋಪಿನ ಯಾವ ನಗರದ ಕ್ರಿಸ್‌ಮಸ್ ಸಂತೆ ಸೊಗಸಾಗಿರುತ್ತದೆ, ಎಲ್ಲಿ ಖರ್ಚು ಕಡಿಮೆ, ಸಸ್ಯಾಹಾರಿಗಳಿಗೆ ಎಲ್ಲಿ ಏನು ಸಿಗುತ್ತದೆ ಎಂಬ ಚರ್ಚೆ ನಮ್ಮ ಸಂಘಗಳ ಸಭಾಂಗಣಗಳಲ್ಲಿಯೂ ಕಾಫಿಯ ಹೊತ್ತಿನಲ್ಲಿ ಕೇಳಿಬರುತ್ತದೆ. ಇಂಥ ಮಾತಿನಲ್ಲಿ ಮೊದಲು ಬರುವ ಹೆಸರುಗಳಲ್ಲಿ ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ಕೂಡ ಒಂದು. ಹದಿಮೂರು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಆ ನಗರದ ವಸತಿಗೃಹಗಳಲ್ಲಿ 2019ರ ಒಂದೇ ವರ್ಷದಲ್ಲಿ ಸುಮಾರು ಎಂಬತ್ತು ಲಕ್ಷ ಅತಿಥಿಗಳು ಉಳಿದುಕೊಂಡಿದ್ದರೆಂದರೆ ಅದರ ಆಕರ್ಷಣೆಯನ್ನು ಬೇರೆ ವಿವರಿಸಬೇಕಿಲ್ಲ.

ಹೋಗುವವರು ಸಂತೋಷವಾಗಿ ಹೋಗಿ ಬರಲಿ. ಆದರೆ ಹೊರನಾಡಿನಲ್ಲಿ ನುಡಿಯನ್ನು ಉಳಿಸಿಕೊಳ್ಳುವ ಚಿಂತೆ ಹೊತ್ತ ನಾವು ಆ ನಗರವನ್ನು ಬೇರೆ ಪ್ರವಾಸಿಗರಂತೆ ಕೇವಲ ದೀಪಾಲಂಕಾರಕ್ಕಾಗಿ ನೋಡಿ ಬಂದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಒಂದು ಸಣ್ಣ ಭಾಷಾಸಮುದಾಯ ತನ್ನ ಹಬ್ಬವನ್ನು ಪರರಿಗೆ ಹೇಗೆ ಮಾರುತ್ತದೆ, ತನಗಾಗಿ ಅದನ್ನು ಎಲ್ಲಿ ಕಾಪಾಡಿಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ. ಆ ಉತ್ತರ ನಮಗೂ ಬೇಕಾದುದು.

ಮೊದಲು ಸಂತೆಯನ್ನೇ ನೋಡೋಣ. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಪ್ರಾಗಿನ ಹಳೆಯೂರಿನ ಚೌಕದಲ್ಲಿ, ವೆನ್ಸೆಸ್ಲಾಸ್ ಚೌಕದಲ್ಲಿ ಮರದ ಸಾಲುಗುಡಿಸಲುಗಳು ಏಳುತ್ತವೆ. ಸಂಜೆ ನಾಲ್ಕರ ಹೊತ್ತಿಗೇ ಕತ್ತಲಾಗುವ, ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುವ ದಿನಗಳವು. ಎತ್ತರದ ಕ್ರಿಸ್‌ಮಸ್ ಮರ, ಅದರ ಮೇಲೆ ಸಾವಿರಾರು ದೀಪ, ಲವಂಗ ದಾಲ್ಚಿನ್ನಿ ಹಾಕಿ ಕಾಯಿಸಿದ ಕೆಂಪು ದ್ರಾಕ್ಷಾರಸದ ಹಬೆ, ಇದ್ದಲಿನ ಮೇಲೆ ಸುತ್ತುತ್ತಿರುವ ಮಾಂಸದ ವಾಸನೆ. ಇವುಗಳ ಮಧ್ಯೆ ನಿಂತವನಿಗೆ ತಾನು ಯಾವುದೋ ಹಳೆಯ ಕಥೆಯೊಳಗೆ ಬಂದೆನೆನ್ನಿಸಿದರೆ ಆಶ್ಚರ್ಯವಿಲ್ಲ. ಹಿನ್ನೆಲೆಯಲ್ಲಿ 1410ರಷ್ಟು ಹಿಂದಿನ ಖಗೋಳ ಗಡಿಯಾರ ಗಂಟೆಗೊಮ್ಮೆ ತನ್ನ ಗೊಂಬೆಗಳನ್ನು ಹೊರಡಿಸುತ್ತದೆ.

ಈ ಚೌಕದಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವ ತಿನಿಸೆಂದರೆ ಟ್ರ್ಡೆಲ್ನೀಕ್. ಹುದುಗು ಬಂದ ಹಿಟ್ಟನ್ನು ಮರದ ದಪ್ಪ ಕೋಲಿಗೆ ಸುತ್ತಿ, ಕೆಂಡದ ಮೇಲೆ ತಿರುಗಿಸಿ ಬೇಯಿಸಿ, ಸಕ್ಕರೆ ಮತ್ತು ಅಕ್ರೋಟಿನ ಪುಡಿಯಲ್ಲಿ ಹೊರಳಿಸಿ ಕೊಡುವ ಕೊಳವೆಯಾಕಾರದ ಸಿಹಿ ಅದು. ಇತ್ತೀಚಿನ ವರ್ಷಗಳಲ್ಲಿ ಆ ಕೊಳವೆಯೊಳಗೆ ಐಸ್‌ಕ್ರೀಮನ್ನೂ ತುಂಬುತ್ತಾರೆ. ಅಂಗಡಿಯ ಫಲಕದ ಮೇಲೆ ‘ಪ್ರಾಚೀನ ಚೆಕ್ ತಿನಿಸು’ ಎಂಬರ್ಥದ ಬರಹವಿರುತ್ತದೆ. ಆದರೆ ಪ್ರಾಗಿನ ಹಿರಿಯರನ್ನು ಕೇಳಿದರೆ ತಮ್ಮ ಬಾಲ್ಯದಲ್ಲಿ ಇದನ್ನು ಕಂಡೇ ಇಲ್ಲವೆನ್ನುತ್ತಾರೆ. ಇದರ ಸಂಪ್ರದಾಯ ಗಟ್ಟಿಯಾಗಿ ಬೇರೂರಿರುವುದು ನೆರೆಯ ಸ್ಲೊವಾಕಿಯಾದ ಸ್ಕಾಲಿತ್ಸಾ ಎಂಬ ಊರಿನಲ್ಲಿ. ಆ ಊರಿನ ಟ್ರ್ಡೆಲ್ನೀಕ್‌ಗೆ 2007ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. ಅದರ ಅಣ್ಣನಂಥ ತಿನಿಸು ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ನರಲ್ಲಿದೆ. ಪ್ರಾಗಿನ ಬೀದಿಗಳಲ್ಲಿ ಅದು ಹಬ್ಬಿದ್ದು ಪ್ರವಾಸೋದ್ಯಮ ಬೆಳೆದ ಮೇಲೆ, ಈ ಶತಮಾನದಲ್ಲಿ.

ಪಕ್ಕದ ಗುಡಿಸಲಿನಲ್ಲಿ ಎಣ್ಣೆಯಲ್ಲಿ ಕರಿದ ಲಾಂಗೋಶ್ ಎಂಬ ರೊಟ್ಟಿ ಸಿಗುತ್ತದೆ, ಅದು ಹಂಗೇರಿಯದು. ಕುರಿಹಾಲಿನ ಗಿಣ್ಣಿನಂಥ ಚೀಸಿನೊಡನೆ ಕೊಡುವ ಆಲೂಗಡ್ಡೆಯ ಹಾಲುಶ್ಕಿ ಸ್ಲೊವಾಕಿಯದು. ಸಾಸೇಜಿನಲ್ಲಿ ಜರ್ಮನರಿಗೂ ಪಾಲಿದೆ. ಸಂತೆಯ ರೂಪವೇ ಜರ್ಮನ್ ನಾಡಿನಲ್ಲಿ ಬೆಳೆದದ್ದು. ಡ್ರೆಸ್ಡೆನ್ ನಗರದ ಸಂತೆ 1434ರಿಂದ ನಡೆದುಬಂದಿದೆ. 1918ರಲ್ಲಿ ಒಡೆದುಹೋದ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯ ಪ್ರತಿ ಡಿಸೆಂಬರಿನಲ್ಲಿ ಈ ಚೌಕದ ಬಾಣಲೆಗಳಲ್ಲಿ ಮತ್ತೆ ಒಂದಾಗುತ್ತದೆ ಎಂದರೂ ನಡೆದೀತು. ಇನ್ನು ‘ಪ್ರಾಗ್ ಹ್ಯಾಮ್’ ಎಂಬ ಹಂದಿಮಾಂಸದ ಗುಡಿಸಲಿನ ಫಲಕದಲ್ಲಿ ಕಾಣುವ ಬೆಲೆ ನೂರು ಗ್ರಾಮಿನದು. ತಟ್ಟೆಗೆ ಬೀಳುವುದು ಅದರ ಮೂರು ನಾಲ್ಕು ಪಟ್ಟು. ತೂಕವಾದ ಮೇಲೆ ಬೆಲೆ ಕೇಳಿ ಬೆಚ್ಚುವ ಪ್ರವಾಸಿಯ ಮುಖವೂ ಈಗ ಆ ಚೌಕದ ನೋಟಗಳಲ್ಲಿ ಒಂದು.

ಇಷ್ಟನ್ನು ಕೇಳಿ, ‘ಹಾಗಾದರೆ ಎಲ್ಲವೂ ಮೋಸ’ ಎಂದು ಮೂಗು ಮುರಿಯುವುದು ಸುಲಭ. ಆದರೆ ಅದು ವಿಚಾರದ ದಾರಿಯಲ್ಲ. ಆಹಾರದಲ್ಲಿ ಪರಿಶುದ್ಧ ಕುಲವನ್ನು ಹುಡುಕುವವನು ಎಲ್ಲಿಯೂ ಊಟ ಮಾಡಲಾರ. ಚೆಕ್ ಅಡುಗೆಯ ಬೆನ್ನೆಲುಬಾದ ಆಲೂಗಡ್ಡೆ ಅಮೆರಿಕದಿಂದ ಬಂದದ್ದು, ನಮ್ಮ ಮೆಣಸಿನಕಾಯಿಯಂತೆಯೇ. ಮನೆಯೊಳಗೆ ಕ್ರಿಸ್‌ಮಸ್ ಮರ ನಿಲ್ಲಿಸುವ ಪದ್ಧತಿ ಜರ್ಮನರದು. ಪ್ರಾಗಿನಲ್ಲಿ ಮೊದಲ ಬಾರಿಗೆ 1812ರಲ್ಲಿ ಅದನ್ನು ನಿಲ್ಲಿಸಿದವನು ಅಲ್ಲಿನ ರಂಗಮಂದಿರದ ನಿರ್ದೇಶಕ ಲೀಬಿಖ್ ಎಂದು ಹೇಳುತ್ತಾರೆ. ಬೇರೆಡೆಯಿಂದ ಬಂದದ್ದೆಂಬ ಕಾರಣಕ್ಕೆ ಒಂದು ತಿನಿಸು ಅನ್ಯವಾಗುವುದಿಲ್ಲ. ಆಕ್ಷೇಪವಿರುವುದು ಇಲ್ಲದ ವಂಶಾವಳಿಯನ್ನು ಫಲಕದ ಮೇಲೆ ಬರೆಯುವುದಕ್ಕೆ. ಒಂದು ತಿನಿಸು ಯಾರದು ಎಂಬುದನ್ನು ಅದರ ಹುಟ್ಟೂರಿಗಿಂತ ಹೆಚ್ಚಾಗಿ ಅದನ್ನು ಯಾರು, ಯಾವ ದಿನ, ಯಾರಿಗಾಗಿ ಮಾಡುತ್ತಾರೆ ಎಂಬುದು ನಿರ್ಧರಿಸುತ್ತದೆ. ಈ ಅಳತೆಗೋಲನ್ನು ಹಿಡಿದರೆ ಚೌಕದ ಸಂತೆಗೂ ಚೆಕ್ಕರ ಹಬ್ಬಕ್ಕೂ ಇರುವ ದೂರ ತಾನಾಗಿ ಗೋಚರಿಸುತ್ತದೆ.

ಚೆಕ್ಕರ ಹಬ್ಬ ಡಿಸೆಂಬರ್ 24ರ ಸಂಜೆ ಮನೆಯೊಳಗೆ ನಡೆಯುತ್ತದೆ. ಆ ದಿನಕ್ಕೆ ಅವರು ಕೊಟ್ಟ ಹೆಸರು ‘ಶ್ಟೆದ್ರೀ ದೆನ್’, ಎಂದರೆ ಉದಾರ ದಿನ. ಹಗಲೆಲ್ಲ ಉಪವಾಸವಿದ್ದರೆ ಸಂಜೆ ಬಂಗಾರದ ಹಂದಿಮರಿ ಕಾಣಿಸುತ್ತದೆ ಎಂದು ಮಕ್ಕಳಿಗೆ ಹೇಳುತ್ತಾರೆ. ಸಂಜೆಯ ಊಟದಲ್ಲಿ ಮೀನಿನ ಸಾರು, ಹಿಟ್ಟು ಹಚ್ಚಿ ಕರಿದ ಕಾರ್ಪ್ ಎಂಬ ಗೆಂಡೆ ಮೀನು, ಅದರ ಜೊತೆಗೆ ಆಲೂಗಡ್ಡೆಯ ಸಲಾಡ್. ಈ ಸಲಾಡಿಗೆ ಕ್ಯಾರೆಟ್, ಬಟಾಣಿ, ಮೊಟ್ಟೆ, ಉಪ್ಪಿನಲ್ಲಿಟ್ಟ ಸೌತೆಕಾಯಿ ಬೀಳುತ್ತವೆ. ಯಾವುದು ಎಷ್ಟು ಎಂಬುದರಲ್ಲಿ ಒಂದು ಮನೆಯದು ಇನ್ನೊಂದು ಮನೆಗೆ ಒಪ್ಪಿಗೆಯಿಲ್ಲ. ಸಾರಿನ ಪುಡಿಯ ವಿಷಯದಲ್ಲಿ ನಮ್ಮ ಅತ್ತೆ ಸೊಸೆಯರು ನಡೆಸುವ ವ್ಯಾಜ್ಯವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನು ತಿನ್ನದ ಕಾಲದ, ಮೀನಿಗೂ ಗತಿಯಿಲ್ಲದ ಮನೆಗಳ ಹಳೆಯ ಹಬ್ಬದಡುಗೆಯೂ ಒಂದಿದೆ. ‘ಕುಬಾ’ ಎಂದು ಅದರ ಹೆಸರು. ಕುಟ್ಟಿದ ಬಾರ್ಲಿಗೆ ಒಣಗಿಸಿದ ಕಾಡಣಬೆ, ಬೆಳ್ಳುಳ್ಳಿ, ಮರುಗ ಸೇರಿಸಿ ಬೇಯಿಸಿದ್ದು. ನಮ್ಮಲ್ಲಿ ಹೂಮಾಲೆಗೆ ಸೇರುವ ಮರುಗ ಅವರಲ್ಲಿ ಅಡುಗೆಗೆ ಸೇರುತ್ತದೆ.

ಆ ಮೀನಿನ ಹಿಂದೆ ಒಂದು ಕೆರೆಯ ಕಥೆಯೂ ಇದೆ. ದಕ್ಷಿಣ ಬೊಹೀಮಿಯಾದ ತ್ರೆಬೊನ್ ಸೀಮೆಯ ಜೌಗುನೆಲದಲ್ಲಿ ಹದಿನಾರನೆಯ ಶತಮಾನದಲ್ಲಿ ನೂರಾರು ಕೃತಕ ಕೆರೆಗಳನ್ನು ಕಟ್ಟಿ, ಸುಮಾರು 45 ಕಿಲೋಮೀಟರ್ ಉದ್ದದ ‘ಬಂಗಾರದ ಕಾಲುವೆ’ಯಿಂದ ಅವುಗಳನ್ನು ಜೋಡಿಸಿದರು. ಅವುಗಳಲ್ಲಿ ದೊಡ್ಡದಾದ ರೊಜ್ಮ್‌ಬೆರ್ಕ್ ಕೆರೆಯನ್ನು 1584 ಮತ್ತು 1590ರ ನಡುವೆ ಯಾಕುಬ್ ಕ್ರ್ಚೀನ್ ಎಂಬಾತ ಕಟ್ಟಿಸಿದ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸರಣಿಯನ್ನು ಮೈಸೂರು ಸೀಮೆಯಲ್ಲಿ ಕಂಡವರಿಗೆ ಈ ಕೌಶಲದ ಬೆಲೆ ತಿಳಿಯುತ್ತದೆ. ಆ ಕೆರೆಗಳಲ್ಲಿ ಇಂದಿಗೂ ಮೀನು ಬೆಳೆಯುತ್ತಾರೆ. ಶರತ್ಕಾಲದಲ್ಲಿ ನೀರು ಇಳಿಸಿ ಬಲೆ ಎಳೆಯುತ್ತಾರೆ. ಕೆಸರಿನ ವಾಸನೆ ಹೋಗುವಂತೆ ಮೀನನ್ನು ಕೆಲವು ವಾರ ತಿಳಿನೀರಿನಲ್ಲಿಟ್ಟು, ಹಬ್ಬಕ್ಕೆ ನಾಲ್ಕೈದು ದಿನವಿರುವಾಗ ದೊಡ್ಡ ತೊಟ್ಟಿಗಳಲ್ಲಿ ತುಂಬಿ ನಗರದ ಮೂಲೆ ಮೂಲೆಗಳಲ್ಲಿ ಮಾರಾಟಕ್ಕಿಡುತ್ತಾರೆ. ಜೀವಂತ ಮೀನನ್ನು ತಂದು ಸ್ನಾನದ ತೊಟ್ಟಿಯಲ್ಲಿ ಬಿಟ್ಟು, ಮಕ್ಕಳು ಅದಕ್ಕೆ ಹೆಸರಿಟ್ಟು, ಕೊನೆಗೆ ಕೊಲ್ಲಲು ಮನಸ್ಸು ಬಾರದೆ ನದಿಗೆ ಬಿಟ್ಟುಬಂದ ಕಥೆ ಅಲ್ಲಿನ ಎಷ್ಟೋ ಮನೆಗಳಲ್ಲಿದೆ. ಊಟವಾದ ಮೇಲೆ ಮೀನಿನ ಒಂದು ಹುರುಪೆಯನ್ನು ಹಣದ ಚೀಲದಲ್ಲಿಟ್ಟುಕೊಳ್ಳುತ್ತಾರೆ. ವರ್ಷವಿಡೀ ಕಾಸಿಗೆ ಕೊರತೆಯಾಗದು ಎಂಬ ನಂಬಿಕೆ.

ಸಂತೆಯ ಗದ್ದಲದಲ್ಲಿ ಮುಳುಗಿದ ಪ್ರವಾಸಿಗೆ ಈ ಮೀನಿನ ತೊಟ್ಟಿ ಕಣ್ಣಿಗೆ ಬಿದ್ದರೂ ಅದರ ಅರ್ಥ ತಿಳಿಯುವುದಿಲ್ಲ. ಏಕೆಂದರೆ ಅದು ಅವನಿಗಾಗಿ ಇಟ್ಟದ್ದಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಹಬ್ಬವನ್ನು ಇಷ್ಟು ನಿಷ್ಠೆಯಿಂದ ಆಚರಿಸುವ ಚೆಕ್ಕರು ಯುರೋಪಿನಲ್ಲಿಯೇ ಅತಿ ಕಡಿಮೆ ಧಾರ್ಮಿಕರೆನಿಸಿದವರು. 2021ರ ಜನಗಣತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದರು. ದೇವರನ್ನು ಬಿಟ್ಟರೂ ಹಬ್ಬವನ್ನು ಬಿಡದ ಈ ಜನಕ್ಕೆ ಹಬ್ಬವೆಂದರೆ ಮನೆಯ ನೆನಪು, ಮನೆಯ ಮಾತು.

ಈ ಮಾತಿಗೆ ಚರಿತ್ರೆಯಲ್ಲಿ ಒಂದು ಸ್ವಾರಸ್ಯಕರ ಸಾಕ್ಷ್ಯವಿದೆ. ಚೆಕ್ ಮಕ್ಕಳಿಗೆ ಉಡುಗೊರೆ ತರುವವನು ಕೆಂಪಂಗಿಯ ಮುದುಕನಲ್ಲ, ‘ಯೆಜೀಶೆಕ್’ ಎಂಬ ಪುಟ್ಟ ಬಾಲಯೇಸು. ಅವನನ್ನು ಯಾರೂ ನೋಡಿದ್ದಿಲ್ಲ. ಗಂಟೆ ಕಿಣಿಕಿಣಿ ಎಂದರೆ ಅವನು ಬಂದುಹೋದನೆಂದು ಅರ್ಥ. ಕಮ್ಯುನಿಸ್ಟ್ ಆಡಳಿತಕ್ಕೆ ಈ ಬಾಲಯೇಸು ಸರಿಬೀಳಲಿಲ್ಲ. 1952ರ ಡಿಸೆಂಬರಿನಲ್ಲಿ ಅಂದಿನ ಪ್ರಧಾನಿ ಆಂತೊನೀನ್ ಜಾಪೊತೊಟ್ಸ್ಕೀ ಮಕ್ಕಳನ್ನು ಉದ್ದೇಶಿಸಿ ಭಾಷಣ ಮಾಡಿ, ಆ ಪುಟ್ಟ ಯೇಸು ಈಗ ಬೆಳೆದು ಗಡ್ಡ ಬಂದು ‘ಹಿಮಜ್ಜ’ನಾಗಿದ್ದಾನೆ ಎಂಬರ್ಥದ ಮಾತುಗಳನ್ನಾಡಿದ. ಹಿಮಜ್ಜ ಸೋವಿಯತ್ ರಷ್ಯಾದಿಂದ ತಂದ ಬದಲಿ ಮೂರ್ತಿ. ಶಾಲೆ, ಕಾರ್ಖಾನೆ, ಸರ್ಕಾರಿ ಸಮಾರಂಭಗಳಲ್ಲಿ ಹಿಮಜ್ಜ ಕಾಣಿಸಿಕೊಂಡ. ಮನೆಗಳೊಳಗೆ ಯೆಜೀಶೆಕ್ ಬರುತ್ತಲೇ ಇದ್ದ. 1989ರಲ್ಲಿ ಆ ಆಡಳಿತ ಬಿದ್ದಾಗ ಹಿಮಜ್ಜನೂ ಅದರ ಜೊತೆಗೇ ಹೊರಟುಹೋದ. ಸರ್ಕಾರಕ್ಕೆ ಆಗದ ಕೆಲಸವನ್ನು ಈಗ ಮಾರುಕಟ್ಟೆಯ ಸಾಂತಾಕ್ಲಾಸ್ ಮಾಡಲು ಹೊರಟಿದ್ದಾನೆ. ಅವನೂ ಇದುವರೆಗೆ ಅಂಗಡಿಯ ಗಾಜಿನಾಚೆಗೆ ಹೆಚ್ಚು ಒಳಬಂದಂತಿಲ್ಲ.

ಮನೆಯ ಮಾತಿಗೆ ಇಷ್ಟು ಬಲ ಎಲ್ಲಿಂದ ಬಂತು? ಹಳೆಯೂರಿನ ಚೌಕದಲ್ಲಿಯೇ ಅದಕ್ಕೆ ಉತ್ತರವಿದೆ, ಸಂತೆಯ ಗುಡಿಸಲುಗಳ ಹಿಂದೆ ಅಡಗಿದ್ದರೂ. ಅಲ್ಲಿ 1915ರಲ್ಲಿ ನಿಲ್ಲಿಸಿದ ಯಾನ್ ಹುಸ್‌ನ ಸ್ಮಾರಕವಿದೆ. ಲ್ಯಾಟಿನ್ನಿನ ಕಾಲದಲ್ಲಿ ಜನರ ನುಡಿಯಾದ ಚೆಕ್‌ನಲ್ಲಿ ಬೋಧಿಸಿದ ಆತನನ್ನು 1415ರಲ್ಲಿ ಧರ್ಮದ್ರೋಹಿಯೆಂದು ಸುಟ್ಟರು. ಚೆಕ್ ಅಕ್ಷರಗಳ ಮೇಲೆ ಇಂದು ಕಾಣುವ ಗುರುತುಗಳ ಪದ್ಧತಿಯನ್ನು ಆತನ ಹೆಸರಿಗೇ ಹಚ್ಚುತ್ತಾರೆ. ಅದೇ ಚೌಕದ ಕಲ್ಲುಹಾಸಿನಲ್ಲಿ 27 ಶಿಲುಬೆಗಳ ಗುರುತಿದೆ. 1620ರ ಬಿಳಿಗುಡ್ಡದ ಕದನದಲ್ಲಿ ಸೋತ ಮೇಲೆ, 1621ರ ಜೂನಿನಲ್ಲಿ ಅಲ್ಲಿ 27 ಮುಂದಾಳುಗಳ ತಲೆದಂಡವಾಯಿತು. ಅನಂತರದ ಎರಡು ಶತಮಾನಗಳಲ್ಲಿ ಆಡಳಿತ, ವಿದ್ಯೆ, ಪ್ರತಿಷ್ಠೆಗಳೆಲ್ಲ ಜರ್ಮನ್ ಭಾಷೆಯ ಪಾಲಾದವು. ಚೆಕ್ ಹಳ್ಳಿಗರ, ಆಳುಕಾಳುಗಳ, ಅಡುಗೆಯವರ ಮಾತಾಗಿ ಉಳಿಯಿತು. ಆ ಭಾಷೆಗೆ ವ್ಯಾಕರಣ ಬರೆದ ಮಹಾವಿದ್ವಾಂಸ ಯೊಸೆಫ್ ದೊಬ್ರೋವ್ಸ್ಕೀ ಕೂಡ 1809ರಲ್ಲಿ ಅದನ್ನು ಪ್ರಕಟಿಸಿದ್ದು ಜರ್ಮನ್ನಿನಲ್ಲಿ.

ಅಲ್ಲಿಂದ ಆ ನುಡಿ ಎದ್ದುಬಂದ ಬಗೆಯನ್ನು ನಾವು ಗಮನಿಸಬೇಕು. ಯೊಸೆಫ್ ಯುಂಗ್ಮನ್ 1830ರ ದಶಕದಲ್ಲಿ ಐದು ಸಂಪುಟಗಳ ಚೆಕ್–ಜರ್ಮನ್ ನಿಘಂಟನ್ನು ಹೊರತಂದ. ಅದು ವಿದ್ವಾಂಸರ ಕೆಲಸ. ಅದಕ್ಕೂ ಮೊದಲು, 1796ರಲ್ಲಿ, ಯಾಕುಬ್ ಯಾನ್ ರಿಬಾ ಎಂಬ ಬಡ ಶಾಲಾಮಾಸ್ತರ ಕ್ರಿಸ್ತಜನನದ ಪ್ರಾರ್ಥನಾಗೀತವನ್ನು ಚೆಕ್ ಭಾಷೆಯಲ್ಲಿ ರಚಿಸಿ, ಬೆತ್ಲೆಹೇಮಿನ ಕಥೆಯನ್ನು ಬೊಹೀಮಿಯಾದ ಹಳ್ಳಿಗೆ ತಂದು ನಿಲ್ಲಿಸಿದ್ದ. ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ದೇಶದುದ್ದಕ್ಕೂ ಅದನ್ನು ಹಾಡುತ್ತಾರೆ. 1826ರಲ್ಲಿ ಮಗ್ದಲೇನಾ ದೊಬ್ರೊಮಿಲಾ ರೆಟ್ಟಿಗೋವಾ ಎಂಬ ಗೃಹಿಣಿ ಚೆಕ್ ಭಾಷೆಯಲ್ಲಿ ಒಂದು ಅಡುಗೆ ಪುಸ್ತಕ ಬರೆದಳು. ಆಕೆ ಬೆಳೆದದ್ದೇ ಜರ್ಮನ್ ಮಾತಿನಲ್ಲಿ. ಚೆಕ್ ಅನ್ನು ದೊಡ್ಡವಳಾದ ಮೇಲೆ ಕಲಿತಳು. ಹುಡುಗಿಯರಿಗೆ ಅಡುಗೆ ಕಲಿಸುವ ನೆವದಲ್ಲಿ ಅವರ ಕೈಗೆ ಚೆಕ್ ಪುಸ್ತಕಗಳನ್ನು ಕೊಟ್ಟು ಓದಿಸಿದಳು. ನಿಘಂಟು ಪಂಡಿತನ ಮೇಜಿಗೆ ತಲುಪಿದರೆ, ಈ ಪುಸ್ತಕ ಒಲೆಯ ಪಕ್ಕದ ಗೂಡಿಗೆ ತಲುಪಿತು. ಮನೆಯ ಹೆಂಗಸರು ಓದುವ ಭಾಷೆಯಾಗದೆ ಯಾವ ನುಡಿಯೂ ಎದ್ದು ನಿಲ್ಲದು ಎಂಬುದನ್ನು ಆಕೆ ಅರಿತಿದ್ದಳು. ಸ್ತ್ರೀಯರ ಈ ಕೆಲಸವನ್ನು ನಮ್ಮ ಏಕೀಕರಣದ, ಸಂಘಸಂಸ್ಥೆಗಳ ಚರಿತ್ರೆಗಳು ಎಷ್ಟರಮಟ್ಟಿಗೆ ದಾಖಲಿಸಿವೆ ಎಂಬುದನ್ನೂ ಇದೇ ಸಂದರ್ಭದಲ್ಲಿ ಕೇಳಿಕೊಳ್ಳಬೇಕು.

ಸಾರ್ವಜನಿಕ ಚೌಕದ ಕ್ರಿಸ್‌ಮಸ್ ಮರಕ್ಕೂ ಆ ದೇಶದಲ್ಲಿ ಬೇರೆಯದೇ ಮೂಲವಿದೆ. 1919ರ ಡಿಸೆಂಬರಿನಲ್ಲಿ ಬ್ರ್ನೊ ನಗರದ ಹತ್ತಿರದ ಕಾಡಿನಲ್ಲಿ ಲೇಖಕ ರುದೊಲ್ಫ್ ತ್ಯೆಸ್ನೊಹ್ಲೀದೆಕ್ ಮತ್ತು ಆತನ ಗೆಳೆಯರಿಗೆ, ಯಾರೋ ಬಿಟ್ಟುಹೋಗಿ ಚಳಿಯಲ್ಲಿ ಸಾಯುವಂತಿದ್ದ ಹಸುಳೆಯೊಂದು ಸಿಕ್ಕಿತು. ಮಗು ಬದುಕಿತು. ಅನಾಥ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಆತ ಹಟ ಹಿಡಿದ. 1924ರಲ್ಲಿ ಬ್ರ್ನೊದ ಚೌಕದಲ್ಲಿ ಒಂದು ಮರ ನಿಲ್ಲಿಸಿ, ಅದರ ಕೆಳಗೆ ಹುಂಡಿಯಿಟ್ಟು ಹಣ ಕೂಡಿಸಿದರು. ಆ ಹಣದ ನೆರವಿನಿಂದ 1929ರಲ್ಲಿ ಮಕ್ಕಳ ಆಶ್ರಯಧಾಮವೊಂದು ತೆರೆಯಿತು. ಬ್ರ್ನೊವನ್ನು ನೋಡಿ ಬೇರೆ ಊರುಗಳೂ ಮರ ನಿಲ್ಲಿಸಿದವು. ಕೊಡುವುದಕ್ಕಾಗಿ ನಿಂತ ಮರದ ಕೆಳಗೆ ಇಂದು ಕೊಳ್ಳುವವರ ಸಾಲು ನಿಂತಿದೆ ಎಂದು ಕೊರಗುವ ಚೆಕ್ಕರು ಕಡಿಮೆಯಿಲ್ಲ. ಆ ಕೊರಗು ನ್ಯಾಯವಾದದ್ದೇ. ಆದರೂ ಸಂತೆಯಲ್ಲಿ ನಿಜವಾದ ಕೈಕೆಲಸವೂ ಅಲ್ಲಲ್ಲಿ ಉಂಟು. ಊದಿದ ಗಾಜಿನ ಮಣಿಗಳಿಂದ ಮರದ ಅಲಂಕಾರಗಳನ್ನು ಪೋಣಿಸುವ ಉತ್ತರ ಬೊಹೀಮಿಯಾದ ಕಲೆಯನ್ನು ಯುನೆಸ್ಕೋ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಳ್ಳುವುದಾದರೆ ಅಂಥದನ್ನು ಕೇಳಿ ಕೊಳ್ಳಬೇಕು.

ಊಟದ ವಿಷಯದಲ್ಲಿಯೂ ಇದೇ ಮಾತು. ಚೌಕದಿಂದ ಟ್ರಾಮಿನಲ್ಲಿ ನಾಲ್ಕಾರು ನಿಲ್ದಾಣ ಆಚೆ ಹೋದರೆ ‘ಹೊಸ್ಪೊದಾ’ ಎಂಬ ಮೊಹಲ್ಲಾದ ಊಟದಂಗಡಿಗಳಿವೆ. ಮಧ್ಯಾಹ್ನದ ಹೊತ್ತು ಅಂದಿನ ಅಡುಗೆಯ ಪಟ್ಟಿಯನ್ನು ಚೆಕ್ ಭಾಷೆಯಲ್ಲಿಯೇ ಬರೆದು ತೂಗುಹಾಕಿರುತ್ತಾರೆ. ಕೆನೆ ಬೆರೆಸಿದ ತರಕಾರಿ ಗೊಜ್ಜಿನಲ್ಲಿ ಬೇಯಿಸಿದ ದನದ ಮಾಂಸದ ‘ಸ್ವೀಚ್ಕೋವಾ’, ಹಂದಿಮಾಂಸ ಮತ್ತು ಹುಳಿ ಎಲೆಕೋಸು, ಇವುಗಳೊಡನೆ ಕ್ನೆಡ್ಲೀಕಿ. ಕ್ನೆಡ್ಲೀಕಿ ಎಂದರೆ ಹಿಟ್ಟನ್ನು ಉಂಡೆಯಾಗಿಯೋ ಉದ್ದವಾಗಿಯೋ ಕಟ್ಟಿ ನೀರಿನಲ್ಲಿ ಬೇಯಿಸಿ, ದಾರದಿಂದ ಹೋಳು ಮಾಡಿ ಬಡಿಸುವಂಥದು. ಗೊಜ್ಜನ್ನು ಹೀರಿಕೊಳ್ಳುವುದೇ ಅದರ ಧರ್ಮ. ಸಾರಿಲ್ಲದೆ ಮುದ್ದೆಗೆ ಬೆಲೆಯಿಲ್ಲದಂತೆ ಗೊಜ್ಜಿಲ್ಲದೆ ಅದಕ್ಕೂ ಬೆಲೆಯಿಲ್ಲ. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಅಣಬೆ, ಮರುಗ ಹಾಕಿದ ಆಲೂಗಡ್ಡೆಯ ಸಾರು, ಬೆಳ್ಳುಳ್ಳಿಯ ಸಾರು, ಆಲೂಗಡ್ಡೆಯನ್ನು ತುರಿದು ದೋಸೆಯಂತೆ ಹೊಯ್ದ ‘ಬ್ರಾಂಬೊರಾಕ್’, ಕರಿದ ಚೀಸ್, ಒಳಗೆ ಹಣ್ಣು ತುಂಬಿದ ಸಿಹಿ ಕ್ನೆಡ್ಲೀಕಿ ಇವೆ. ಸಾರುಗಳಲ್ಲಿ ಮಾಂಸದ ರಸ ಬೆರೆತಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಗಸಗಸೆಯನ್ನು ಕಂಡರೆ ಅಲ್ಲಿನವರಿಗೆ ನಮಗಿಂತ ಪ್ರೀತಿ. ಹಲವು ಸಿಹಿತಿನಿಸುಗಳೊಳಗೆ ಅದನ್ನು ಅರೆದು ತುಂಬುತ್ತಾರೆ. ನಮಸ್ಕಾರಕ್ಕೆ ‘ದೊಬ್ರೀ ದೆನ್’, ಕೃತಜ್ಞತೆಗೆ ‘ದ್ಯೆಕುಯಿ’. ಈ ಎರಡು ಮಾತನ್ನು ಕಲಿತು ಹೋದವನಿಗೂ ಕಲಿಯದೆ ಹೋದವನಿಗೂ ಆ ಅಂಗಡಿಗಳಲ್ಲಿ ಸಿಗುವ ಮುಖ ಬೇರೆ ಬೇರೆ.

ಇಷ್ಟು ಹೇಳಿದ ಮೇಲೆ, ಹೊರನಾಡಿನವರಾದ ನಮಗೆ ಎಲ್ಲಕ್ಕಿಂತ ಹತ್ತಿರವಾದ ಅಧ್ಯಾಯಕ್ಕೆ ಬರುತ್ತೇನೆ. ಚೆಕ್ಕರಿಗೂ ಒಂದು ಹೊರನಾಡಿತ್ತು. ಅದು ವಿಯೆನ್ನಾ. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೀಮಿಯಾ, ಮೊರಾವಿಯಾಗಳ ಬಡಜನ ಸಾಮ್ರಾಜ್ಯದ ಆ ರಾಜಧಾನಿಗೆ ಹೊಟ್ಟೆಪಾಡಿಗಾಗಿ ಹೋದರು. ಗಂಡಸರು ಇಟ್ಟಿಗೆ ಸುಟ್ಟರು, ಬಟ್ಟೆ ಹೊಲಿದರು, ಚಪ್ಪಲಿ ಮಾಡಿದರು. ಹೆಂಗಸರು ಶ್ರೀಮಂತರ ಮನೆಗಳಲ್ಲಿ ಅಡುಗೆಗೆ ನಿಂತರು. ಬೊಹೀಮಿಯಾದ ಅಡುಗೆಯವಳೆಂದರೆ ವಿಯೆನ್ನಾದಲ್ಲಿ ಗಾದೆಮಾತಿನಂಥ ಪ್ರಸಿದ್ಧಿ. 1900ರ ಜನಗಣತಿಯಲ್ಲಿ ಆ ನಗರದ ಒಂದು ಲಕ್ಷಕ್ಕೂ ಹೆಚ್ಚು ಜನ ತಮ್ಮ ಬಳಕೆಯ ಭಾಷೆ ಚೆಕ್ ಎಂದು ಬರೆಸಿದ್ದರು. ಮೇಯರ್ ಕಾರ್ಲ್ ಲ್ಯೂಗರ್‌ನ ಕಾಲದಲ್ಲಿ, ವಿಯೆನ್ನಾ ಜರ್ಮನರ ನಗರವಾಗಿಯೇ ಉಳಿಯಬೇಕೆಂಬ ಘೋಷಣೆಯ ನಡುವೆ, ಚೆಕ್ ಎಂದು ಬರೆಸುವುದಕ್ಕೂ ಎದೆಗಾರಿಕೆ ಬೇಕಾಗಿತ್ತು.

ಆ ಜನಕ್ಕೆ ಏನಾಯಿತು? ಅವರ ಅಡುಗೆ ಗೆದ್ದಿತು. ಹುದುಗುಹಿಟ್ಟಿನ ‘ಬುಖ್ತಿ’ ವಿಯೆನ್ನಾದಲ್ಲಿ ‘ಬುಖ್ಟೆಲ್ನ್’ ಆಯಿತು, ‘ಕೊಲಾಚೆ’ ‘ಗೊಲಾಟ್ಶೆನ್’ ಆಯಿತು, ಕಪ್ಪುದ್ರಾಕ್ಷಿಯಷ್ಟು ಗಾಢಬಣ್ಣದ ಪ್ಲಮ್ ಹಣ್ಣಿನ ಲೇಹ್ಯ ‘ಪೊವಿದ್ಲಾ’ ‘ಪೊವಿಡ್ಲ್’ ಆಯಿತು. ಇಂದು ಇವು ವಿಯೆನ್ನಾದ ಹೆಮ್ಮೆಯ ತಿನಿಸುಗಳು. ಅವರ ಕುಲನಾಮಗಳೂ ಆ ನಗರದ ಮನೆಬಾಗಿಲುಗಳ ಮೇಲೆ ಉಳಿದಿವೆ. ನುಡಿ ಮಾತ್ರ ಬಹುಪಾಲು ಮನೆಗಳಲ್ಲಿ ಎರಡು ಮೂರು ತಲೆಮಾರಿನೊಳಗೆ ಆರಿಹೋಯಿತು. ಉಳಿದದ್ದು ಎಲ್ಲಿ ಎಂದರೆ, ಆ ಜನರೇ ಕಾಸು ಕೂಡಿಸಿ ಶಾಲೆ ಕಟ್ಟಿದ ಕಡೆ. 1872ರಲ್ಲಿ ವಿಯೆನ್ನಾದ ಚೆಕ್ಕರು ‘ಕೊಮೆನ್ಸ್ಕೀ’ ಎಂಬ ಶಾಲಾಸಂಘವನ್ನು ಸ್ಥಾಪಿಸಿದರು. ಮಾತೃಭಾಷೆಯಲ್ಲಿಯೇ ಮೊದಲ ಕಲಿಕೆ ನಡೆಯಬೇಕೆಂದು ಸಾರಿದ, ಸ್ವತಃ ದೇಶಭ್ರಷ್ಟನಾಗಿ ಪರನಾಡಿನಲ್ಲಿ ಸತ್ತ ಹದಿನೇಳನೆಯ ಶತಮಾನದ ಶಿಕ್ಷಣತಜ್ಞ ಯಾನ್ ಆಮೊಸ್ ಕೊಮೆನ್ಸ್ಕೀಯ ಹೆಸರು ಅದು. 1918ರ ನಂತರ ಅಸಂಖ್ಯ ಚೆಕ್ಕರು ತಾಯ್ನಾಡಿಗೆ ಮರಳಿದರು, ಎರಡು ಮಹಾಯುದ್ಧಗಳು ನಡೆದವು, ಸರ್ಕಾರಗಳು ಬದಲಾದವು. ಅಡೆತಡೆಗಳನ್ನು ದಾಟಿ ಆ ಸಂಘದ ಶಾಲೆ ವಿಯೆನ್ನಾದಲ್ಲಿ ಇಂದಿಗೂ ನಡೆಯುತ್ತಿದೆ.

ಇದಕ್ಕೆ ವಿರುದ್ಧ ದಿಕ್ಕಿನ ಚಿತ್ರವೊಂದು ಇಂದಿನ ಪ್ರಾಗಿನಲ್ಲಿದೆ. ಕಮ್ಯುನಿಸ್ಟ್ ಕಾಲದಲ್ಲಿ ಕೆಲಸಕ್ಕೆ, ವಿದ್ಯೆಗೆ ಬಂದ ವಿಯೆಟ್ನಾಮಿನ ಜನ ಅಲ್ಲಿಯೇ ನೆಲೆಸಿ, ಮೂಲೆಯಂಗಡಿಗಳನ್ನು ತೆರೆದು, ದೇಶದ ದೊಡ್ಡ ಅಲ್ಪಸಂಖ್ಯಾತ ಗುಂಪುಗಳಲ್ಲಿ ಒಂದಾಗಿದ್ದಾರೆ. 2013ರಲ್ಲಿ ಅವರಿಗೆ ಅಧಿಕೃತ ಮಾನ್ಯತೆ ದೊರೆಯಿತು. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ದುಡಿದ ತಂದೆತಾಯಿಗಳು ಮಕ್ಕಳನ್ನು ನೋಡಿಕೊಳ್ಳಲು ನೆರೆಯ ಚೆಕ್ ಅಜ್ಜಿಯರನ್ನು ಗೊತ್ತುಮಾಡಿಕೊಂಡರು. ಆ ಮಕ್ಕಳು ಅಜ್ಜಿಯ ಮಡಿಲಲ್ಲಿ ಅಚ್ಚ ಚೆಕ್ ಕಲಿತರು. ಎಷ್ಟೋ ಮಕ್ಕಳಿಗೆ ತಮ್ಮ ಹೆತ್ತವರ ಭಾಷೆ ಅರ್ಧಂಬರ್ಧ. ಪ್ರಾಗಿನ ಜನ ಈಗ ವಿಯೆಟ್ನಾಮಿನ ಸೇವಿಗೆಯ ಸಾರನ್ನು ತಮ್ಮದೆಂಬಂತೆ ಸವಿಯುತ್ತಾರೆ. ಇಲ್ಲಿಯೂ ನಿಯಮ ಅದೇ: ಅಡುಗೆ ದಾಟುತ್ತದೆ, ನುಡಿ ಹಿಂದುಳಿಯುತ್ತದೆ.

ನಮ್ಮ ಕಡೆಗೆ ತಿರುಗಿದರೆ ಈ ನಿಯಮ ನಮ್ಮನ್ನೂ ಬಿಟ್ಟಿಲ್ಲವೆಂಬುದು ಸ್ಪಷ್ಟ. ಮುಂಬಯಿಗೆ ಬಂದ ಕರಾವಳಿಯ ಹುಡುಗರು ಹೊಟೇಲುಗಳಲ್ಲಿ ಹಗಲು ದುಡಿದು, ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಂದ ಕಾಲವೊಂದಿತ್ತು. ಅಂದು ಅಡುಗೆಮನೆಯೂ ಶಾಲೆಯೂ ಜೊತೆಜೊತೆಗೆ ನಡೆದವು. ಇಂದು ‘ಉಡುಪಿ’ ಎಂಬ ಫಲಕ ಭಾರತದ ಎಲ್ಲ ನಗರಗಳಲ್ಲಿದೆ. ‘ಮೈಸೂರು ಮಸಾಲೆ’ ಎಂಬ ಹೆಸರಿನಲ್ಲಿ ಮೈಸೂರಿನವರೇ ಗುರುತಿಸಲಾರದ ದೋಸೆಯನ್ನು ಮುಂಬಯಿ ಸೃಷ್ಟಿಸಿಕೊಂಡಿದೆ. ಅದು ರುಚಿಯಾಗಿದ್ದರೆ ಯಾರ ತಕರಾರೂ ಬೇಡ. ಆದರೆ ರಾತ್ರಿಶಾಲೆಗಳ ದೀಪ ಬಹುಪಾಲು ಆರಿದೆ. ಕನ್ನಡ ಮಾಧ್ಯಮದ ತರಗತಿಗಳು ಮಕ್ಕಳಿಲ್ಲದೆ ಸೊರಗಿವೆ. ನವೆಂಬರಿನ ರಾಜ್ಯೋತ್ಸವದಲ್ಲಿ ಬಿಸಿಬೇಳೆಭಾತಿನ ಮಳಿಗೆಯ ಮುಂದೆ ನಿಲ್ಲುವ ಸಾಲು, ಪುಸ್ತಕದ ಮಳಿಗೆಯ ಮುಂದೆ ಏಕೆ ನಿಲ್ಲುವುದಿಲ್ಲ? ವೇದಿಕೆಯ ಮೇಲೆ ನಾಡಗೀತೆ ಹಾಡುವ ಮಗು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬಂದಿರುತ್ತದೆ. ನಮಗೆ ನಾವೇ ಪ್ರವಾಸಿಗಳಾಗುತ್ತಿದ್ದೇವೆ. ನಮ್ಮ ಸಂಘದ ಅಂಗಳ ನಮ್ಮದೇ ಹಳೆಯೂರಿನ ಚೌಕವಾಗುತ್ತಿದೆ.

ಆಹಾರಮೇಳಗಳನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೊಸ ತಲೆಮಾರನ್ನು ಸಂಘದ ಬಾಗಿಲಿಗೆ ತರುವ ಶಕ್ತಿ ಇಂದು ಉಳಿದಿರುವುದು ಬಹುಶಃ ಅವಕ್ಕೇ. ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವ ಕೆಲಸ ಆಗಬೇಕು. ರೆಟ್ಟಿಗೋವಾ ಮಾಡಿದ್ದನ್ನು ನಾವೂ ಮಾಡಬಹುದು. ಸಂಘದ ಹಿರಿಯ ಹೆಣ್ಣುಮಕ್ಕಳು ಅಡುಗೆ ಕಲಿಸಲಿ. ಕಲಿಸುವ ಮಾತು ಕನ್ನಡವಾಗಿರಲಿ. ಕಲಿತವರು ವಿಧಾನವನ್ನು ಕನ್ನಡ ಅಕ್ಷರಗಳಲ್ಲಿ ತಮ್ಮ ಕೈಯಾರೆ ಬರೆಯಲಿ. ಒಗ್ಗರಣೆ, ಹದ, ಎಸರು, ಉಕ್ಕು, ಸೀಯುವುದು, ಗಂಜಿ ಬಸಿಯುವುದು ಎಂಬ ಮಾತುಗಳು ನಿಘಂಟಿನಿಂದ ಯಾರ ನಾಲಗೆಗೂ ಇಳಿಯುವುದಿಲ್ಲ. ಒಲೆಯ ಮುಂದೆ ನಿಂತವರ ನಾಲಗೆಗೆ ತಾನಾಗಿ ಬರುತ್ತವೆ. ಮೇಳದಲ್ಲಿ ಉಳಿದ ಹಣದ ಒಂದು ಪಾಲನ್ನು ವಾರಕ್ಕೊಂದು ದಿನ ನಡೆಯುವ ಕನ್ನಡ ತರಗತಿಗೆಂದು ತೆಗೆದಿಡಲಿ. ಬ್ರ್ನೊದ ಮರದ ಕೆಳಗಿನ ಹುಂಡಿಯಂತೆ ನಮ್ಮ ಮಳಿಗೆಯ ಪಕ್ಕದಲ್ಲಿಯೂ ಶಾಲೆಯ ಹೆಸರಿನ ಒಂದು ಹುಂಡಿಯಿರಲಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಪ್ರಾಧಿಕಾರದ ಅಪ್ಪಣೆಯೂ ಬೇಕಿಲ್ಲ. ವಿಯೆನ್ನಾದ ಇಟ್ಟಿಗೆಗೂಡಿನ ಕೂಲಿಗಳಿಗೆ ಇವೆರಡೂ ಇರಲಿಲ್ಲ.

ಪ್ರಾಗಿಗೆ ಹೋಗುವವರಲ್ಲಿ ನನ್ನ ಬಿನ್ನಹ ಇಷ್ಟೇ. ಸಂತೆಯನ್ನು ನೋಡಿರಿ, ಬಿಸಿ ಟ್ರ್ಡೆಲ್ನೀಕನ್ನೂ ತಿನ್ನಿರಿ. ಆದರೆ ಸಾಧ್ಯವಾದರೆ ಡಿಸೆಂಬರ್ 20ರ ಆಚೆಗೆ ಹೋಗಿ, ಬೀದಿಮೂಲೆಯ ಮೀನಿನ ತೊಟ್ಟಿಯ ಮುಂದೆ ಜೋಳಿಗೆ ಹಿಡಿದು ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿರಿ. 24ರ ಸಂಜೆ ಬೀದಿಗಳು ಬರಿದಾಗಿ, ಕಿಟಕಿಗಳಲ್ಲಿ ಮಾತ್ರ ದೀಪ ಉಳಿದಾಗ, ಒಳಗೆ ಯಾವ ಭಾಷೆಯಲ್ಲಿ ಊಟಕ್ಕೆ ಕರೆಯುತ್ತಿದ್ದಾರೆಂಬುದನ್ನು ಯೋಚಿಸಿರಿ. ಅನಂತರ ಮನೆಗೆ ಮರಳಿ, ನಮ್ಮ ಮಕ್ಕಳನ್ನು ನಾವು ಯಾವ ಭಾಷೆಯಲ್ಲಿ ಊಟಕ್ಕೆ ಕರೆಯುತ್ತೇವೆ ಎಂದು ಕೇಳಿಕೊಳ್ಳೋಣ. ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಆಹಾರಮೇಳದ ಲೆಕ್ಕಪತ್ರ ಓದುವಾಗ, ಕನ್ನಡ ತರಗತಿಗೆ ಎಷ್ಟು ಮಕ್ಕಳು ಬಂದರು ಎಂಬ ಲೆಕ್ಕವನ್ನೂ ಓದುವಂತೆ ಸದಸ್ಯರು ಒತ್ತಾಯಿಸಬೇಕು. ಆ ಲೆಕ್ಕ ಸೊನ್ನೆಯಾಗಿದ್ದರೆ ಅದನ್ನೂ ಗಟ್ಟಿಯಾಗಿಯೇ ಓದಲಿ.